ಸರಳ ಬದುಕಿಗೆ ಎಷ್ಟು ಖರ್ಚಾಗುತ್ತದೆ?



'ಪ್ರಕೃತಿಯ ಮಡಿಲಲ್ಲಿ ಸರಳ ಬದುಕು' ಎಂಬ ವಿಷಯದ ಮೇಲೆ ನಮ್ಮ ಸ್ಟುಡಿಯೋದಲ್ಲಿ ಒಂದು ಸಂವಾದದ ಚಿತ್ರೀಕರಣ ನಡೆದಿತ್ತು. ವೇದಿಕೆಯ ಮೇಲಿದ್ದ ಹಿರಿಯರು ಕೊಳ್ಳುಬಾಕ ಸಂಸ್ಕೃತಿಯ ಬಗ್ಗೆ, ಕಾಡಿನ ನಡುವೆ ಸ್ವಾವಲಂಬಿಗಳಾಗಿ ಬದುಕಿದವರ ಬಗ್ಗೆ ಚೆನ್ನಾಗಿಯೇ ಮಾತನಾಡಿದರು. ಕೊನೆಗೆ ಪ್ರಶ್ನೋತ್ತರದ ಸಮಯ ಬಂತು. ಮೈಕು ಹಿಂದಿನ ಸಾಲಿಗೆ ಹೋಯಿತು. ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು.

"ಸಾರ್, ನಮ್ಮಜ್ಜಿ ಮಣ್ಣಿನ ಮನೇಲಿ ಇದ್ರು. ಇದ್ದಿದ್ದು ಎರಡು ಸೀರೆ. ಸೌದೆ ಒಲೆ, ಬಾವಿ ನೀರು. ಮನೆಗೆ ಬೇಕಾದ ರಾಗಿ, ಅವರೆ ಎಲ್ಲಾ ತಾವೇ ಬೆಳೀತಿದ್ರು. ಅದನ್ನ ಯಾರೂ ಸರಳ ಜೀವನ ಅನ್ನಲಿಲ್ಲ, ಬಡತನ ಅಂದ್ರು. ಈಗ ದುಡ್ಡಿರೋರು ಅದನ್ನೇ ಮಾಡಿದ್ರೆ ಆದರ್ಶ ಹೇಗಾಗುತ್ತೆ?"

ವೇದಿಕೆಯಿಂದ ಬಂದ ಉತ್ತರ ನನಗೆ ಸಮಾಧಾನ ಕೊಡಲಿಲ್ಲ. ಆ ಹುಡುಗಿಗೂ ಕೊಡಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. ಸಂಕಲನ ಮಾಡುವಾಗ ನಿಮಿಷಗಳು ಹೆಚ್ಚಾದವು, ಏನನ್ನಾದರೂ ಕತ್ತರಿಸಲೇಬೇಕಿತ್ತು. ನಾನು ಆ ಪ್ರಶ್ನೆಯನ್ನೇ ಕತ್ತರಿಸಿದೆ. ಉತ್ತರ ಸರಿಯಿಲ್ಲದಿದ್ದಾಗ ಪ್ರಶ್ನೆಯನ್ನೇ ತೆಗೆದುಹಾಕುವುದು ಸುಲಭ, ಆದರೆ ಅದು ಸರಿಯಲ್ಲ. ಈ ಪುಟಗಳು ಆ ಸಾಲ ತೀರಿಸುವ ಪ್ರಯತ್ನ.

ಉತ್ತರ ಹುಡುಕಲು ನಾವು ಅಮೆರಿಕದ ಒಂದು ಕೊಳದ ದಡಕ್ಕೆ ಹೋಗಬೇಕು. ಏಕೆಂದರೆ ಸರಳ ಬದುಕಿನ ಬಗ್ಗೆ ಉಪದೇಶ ಮಾಡಿದವರು ಬಹಳ ಮಂದಿ. ಅದರ ಖರ್ಚುವೆಚ್ಚವನ್ನು ಅರ್ಧ ಸೆಂಟಿನವರೆಗೂ ಲೆಕ್ಕ ಬರೆದಿಟ್ಟವರು ಕಡಿಮೆ. ಅಂಥವನೊಬ್ಬ ಅಲ್ಲಿ ಸಿಗುತ್ತಾನೆ.

ಕೊಳದ ದಡದ ಮನೆ

ಹೆನ್ರಿ ಡೇವಿಡ್ ಥೋರೋ 1817ರಲ್ಲಿ ಮೆಸಾಚುಸೆಟ್ಸ್ ರಾಜ್ಯದ ಕಾಂಕರ್ಡ್ ಎಂಬ ಊರಿನಲ್ಲಿ ಹುಟ್ಟಿದ. ಅವನ ತಂದೆಯದು ಪೆನ್ಸಿಲ್ ತಯಾರಿಕೆಯ ಕಸುಬು. ಹಾರ್ವರ್ಡ್‌ನಲ್ಲಿ ಓದಿ 1837ರಲ್ಲಿ ಪದವೀಧರನಾದ. ಕೆಲಕಾಲ ಪಾಠ ಹೇಳಿದ, ಪೆನ್ಸಿಲ್ ಮಾಡಿದ, ಮುಂದೆ ಭೂಮಿ ಅಳೆಯುವ ಸರ್ವೇಯರ್ ಆದ. 1845ರ ಮಾರ್ಚ್ ಕೊನೆಯಲ್ಲಿ ಒಂದು ಕೊಡಲಿಯನ್ನು ಕಡ ತೆಗೆದುಕೊಂಡು, ಊರಿನಿಂದ ಸುಮಾರು ಒಂದೂವರೆ ಮೈಲಿ ದೂರದ ವಾಲ್ಡನ್ ಕೊಳದ ಬಳಿಗೆ ಹೋಗಿ ಪೈನ್ ಮರಗಳನ್ನು ಕಡಿಯತೊಡಗಿದ. ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದಂದು, ತಾನೇ ಕಟ್ಟಿದ ಮನೆಗೆ ಹೋದ. 1847ರ ಸೆಪ್ಟೆಂಬರ್ 6ರವರೆಗೆ ಅಲ್ಲಿದ್ದ. ಒಟ್ಟು ಎರಡು ವರ್ಷ, ಎರಡು ತಿಂಗಳು, ಎರಡು ದಿನ.

ಮನೆ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ. ಒಂದು ಮಂಚ, ಒಂದು ಮೇಜು, ಒಂದು ಬರೆಯುವ ಡೆಸ್ಕು, ಮೂರು ಕುರ್ಚಿ. 1854ರಲ್ಲಿ ಪ್ರಕಟವಾದ 'ವಾಲ್ಡನ್' ಪುಸ್ತಕದಲ್ಲಿ ಅವನು ಈ ಮನೆಯ ಖರ್ಚನ್ನು ಪಟ್ಟಿ ಮಾಡಿದ್ದಾನೆ. ಹಲಗೆಗೆ 8 ಡಾಲರ್ 3½ ಸೆಂಟ್. ಸಾವಿರ ಹಳೆಯ ಇಟ್ಟಿಗೆಗೆ 4 ಡಾಲರ್. ಗಾಜು ಸಮೇತ ಎರಡು ಹಳೆಯ ಕಿಟಕಿಗೆ 2 ಡಾಲರ್ 43 ಸೆಂಟ್. ಮೊಳೆಗೆ 3 ಡಾಲರ್ 90 ಸೆಂಟ್. ಸೀಮೆಸುಣ್ಣಕ್ಕೆ 1 ಸೆಂಟ್. ಒಟ್ಟು 28 ಡಾಲರ್ 12½ ಸೆಂಟ್.

ಇದು ಹೆಚ್ಚೋ ಕಡಿಮೆಯೋ? ಹೋಲಿಕೆಯನ್ನೂ ಅವನೇ ಕೊಡುತ್ತಾನೆ. ಅವನು ಓದಿದ ಕಾಲೇಜಿನಲ್ಲಿ, ಈ ಮನೆಗಿಂತ ಸ್ವಲ್ಪವೇ ದೊಡ್ಡದಾದ ಕೋಣೆಗೆ ವಿದ್ಯಾರ್ಥಿಯೊಬ್ಬ ವರ್ಷಕ್ಕೆ ಕೊಡುತ್ತಿದ್ದ ಬಾಡಿಗೆ 30 ಡಾಲರ್. ಹಾಸ್ಟೆಲ್‌ನಲ್ಲಿರುವವರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬಹುದು. ಆ ಪ್ರದೇಶದ ಸಾಧಾರಣ ಮನೆಗೆ ಸುಮಾರು 800 ಡಾಲರ್ ಬೀಳುತ್ತಿತ್ತು. ದಿನಕ್ಕೆ ಒಂದು ಡಾಲರ್ ದುಡಿಯುವವನು ಅಷ್ಟನ್ನು ಕೂಡಿಡಲು ಹತ್ತರಿಂದ ಹದಿನೈದು ವರ್ಷ ಬೇಕೆಂದು ಅವನ ಅಂದಾಜು.

ಮೊದಲ ವರ್ಷ ಎರಡೂವರೆ ಎಕರೆಯಲ್ಲಿ ಬಹುಪಾಲು ಹುರುಳಿಕಾಯಿ ಜಾತಿಯ ಬೀನ್ಸ್, ಸ್ವಲ್ಪ ಆಲೂಗಡ್ಡೆ, ಜೋಳ, ಬಟಾಣಿ ಹಾಕಿದ. ಹೊಲದ ಖರ್ಚು 14 ಡಾಲರ್ 72½ ಸೆಂಟ್. ಬಂದದ್ದು 23 ಡಾಲರ್ 44 ಸೆಂಟ್. ಲಾಭ 8 ಡಾಲರ್ 71½ ಸೆಂಟ್. ಕೂಲಿ ಕೆಲಸವನ್ನೂ ಮಾಡಿದ. ಹೀಗೆ ಬದುಕಿದರೆ ವರ್ಷದಲ್ಲಿ ಸುಮಾರು ಆರು ವಾರ ದುಡಿದರೆ ಹೊಟ್ಟೆಬಟ್ಟೆಗೆ ಸಾಕು, ಉಳಿದ ಕಾಲ ತನ್ನದು ಎಂಬ ತೀರ್ಮಾನಕ್ಕೆ ಬಂದ.

ಬೆಲೆಯನ್ನು ಗಂಟೆಗಳಲ್ಲಿ ಅಳೆಯುವುದು

ಥೋರೋನ ಮುಖ್ಯ ಕೊಡುಗೆ ಆ ಮನೆಯಲ್ಲ, ಅವನು ಬಳಸಿದ ಅಳತೆಗೋಲು. ಒಂದು ವಸ್ತುವಿನ ನಿಜವಾದ ಬೆಲೆ, ಅದಕ್ಕಾಗಿ ನಾವು ನಮ್ಮ ಆಯುಷ್ಯದಲ್ಲಿ ಎಷ್ಟನ್ನು ಕೊಟ್ಟೆವು ಎಂಬುದು. ಭೌತಶಾಸ್ತ್ರದಲ್ಲಿ ಮಾನವನ್ನು ಬದಲಿಸಿದಂತೆ ಇಲ್ಲಿ ಹಣವನ್ನು ಕಾಲಕ್ಕೆ ಪರಿವರ್ತಿಸುತ್ತೇವೆ.

ಇದಕ್ಕೆ ಅವನು ರೈಲಿನ ಉದಾಹರಣೆ ಕೊಡುತ್ತಾನೆ. ಆಗಷ್ಟೇ ಆ ಕಡೆಗೆ ರೈಲು ಬಂದಿತ್ತು; ಕೊಳದ ಅಂಚಿನಲ್ಲೇ ಹಳಿ ಹಾಯುತ್ತಿತ್ತು. ಫಿಚ್‌ಬರ್ಗ್ ಎಂಬ ಊರು 30 ಮೈಲಿ. ಟಿಕೆಟ್ 90 ಸೆಂಟ್, ಹೆಚ್ಚುಕಡಿಮೆ ಒಂದು ದಿನದ ಕೂಲಿ. ನಾನು ಈಗಲೇ ನಡೆದು ಹೊರಟರೆ ರಾತ್ರಿಯೊಳಗೆ ಸೇರುತ್ತೇನೆ. ನೀನು ಮೊದಲು ಟಿಕೆಟ್ಟಿನ ಹಣ ದುಡಿದು ಆಮೇಲೆ ರೈಲು ಹತ್ತಬೇಕು. ಹಾಗಾದರೆ ಯಾರು ಮುಂದೆ, ಎಂಬುದು ಅವನ ವಾದ.

ಇದೇ ಲೆಕ್ಕವನ್ನು ಇವಾನ್ ಇಲಿಚ್ ಎಂಬ ಚಿಂತಕ 1974ರಲ್ಲಿ ಕಾರಿಗೆ ಅನ್ವಯಿಸಿದ. ಅಮೆರಿಕದ ಸಾಮಾನ್ಯ ಗಂಡಸು ಕಾರಿನಲ್ಲಿ ಕೂತ ಸಮಯ, ಅದರ ಕಂತು, ಪೆಟ್ರೋಲು, ವಿಮೆಗಾಗಿ ದುಡಿದ ಸಮಯ ಎಲ್ಲ ಸೇರಿಸಿದರೆ ವರ್ಷಕ್ಕೆ 1,600 ಗಂಟೆ. ಸಾಗಿದ ದೂರ 7,500 ಮೈಲಿ. ಭಾಗಿಸಿ ನೋಡಿ: ಗಂಟೆಗೆ ಐದು ಮೈಲಿಗಿಂತ ಕಡಿಮೆ!

ಈಗ ನಮ್ಮ ಲೆಕ್ಕ. ಇದು ನಾನು ಉದಾಹರಣೆಗಾಗಿ ಮಾಡಿಕೊಂಡದ್ದು. ಅಂಕಿಗಳನ್ನು ನಿಮ್ಮ ಮನೆಯ ಸ್ಥಿತಿಗೆ ತಕ್ಕಂತೆ ಬದಲಿಸಿಕೊಳ್ಳಿ. ಕಾಲೇಜು ಮುಗಿಸಿದ ಹುಡುಗನೊಬ್ಬನಿಗೆ ತಿಂಗಳಿಗೆ 12,000 ರೂಪಾಯಿ ಸಂಬಳ, 200 ಗಂಟೆ ಕೆಲಸ. ಅಂದರೆ ಗಂಟೆಗೆ 60 ರೂಪಾಯಿ. ಬೈಕಿನ ಕಂತು 4,000, ಪೆಟ್ರೋಲು 1,300, ರಿಪೇರಿ ಮತ್ತು ವಿಮೆ ಸೇರಿ 700. ಒಟ್ಟು 6,000 ರೂಪಾಯಿ, ಅಂದರೆ 100 ಗಂಟೆ ದುಡಿಮೆ. ತಿಂಗಳಿಗೆ 600 ಕಿಲೋಮೀಟರ್ ಓಡಿಸುತ್ತಾನೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅದಕ್ಕೆ 20 ಗಂಟೆ. ಹೀಗೆ 600 ಕಿಲೋಮೀಟರಿಗೆ ಅವನು ಕೊಟ್ಟದ್ದು 120 ಗಂಟೆ. ನಿಜವಾದ ವೇಗ ಗಂಟೆಗೆ 5 ಕಿಲೋಮೀಟರ್. ಇದು ಚುರುಕಾಗಿ ನಡೆಯುವವನ ವೇಗ. ಸೈಕಲ್ಲು ಇದನ್ನು ಸುಲಭವಾಗಿ ಹಿಂದೆ ಹಾಕುತ್ತದೆ.

ಹಾಗಾದರೆ ಬೈಕು ಬೇಡವೇ? ಲೆಕ್ಕ ಹಾಗೆ ಹೇಳುವುದಿಲ್ಲ. ಬಸ್ಸಿಲ್ಲದ ಊರಿನಿಂದ ಇಪ್ಪತ್ತು ಕಿಲೋಮೀಟರ್ ದೂರದ ಕೆಲಸಕ್ಕೆ ಹೋಗಬೇಕಾದರೆ ಬೈಕಿಲ್ಲದೆ ಸಂಬಳವೇ ಇಲ್ಲ. ಕಂತು ತೀರಿದ ಮೇಲೆ ಲೆಕ್ಕವೂ ಬದಲಾಗುತ್ತದೆ. ಕೊಳ್ಳುವ ಮೊದಲು ಏನನ್ನು ಕೊಡುತ್ತಿದ್ದೇವೆ ಎಂದು ತಿಳಿದಿರಬೇಕು, ಅಷ್ಟೆ. ಜಾಹೀರಾತು ಈ ಒಂದು ಸಾಲನ್ನು ಮಾತ್ರ ಎಂದಿಗೂ ಹೇಳುವುದಿಲ್ಲ. ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು?

ಉಳಿಸಿದ ಕಾಲ ಏನಾಯಿತು?

ಉಳಿದ ಕಾಲದಲ್ಲಿ ಥೋರೋ ಸುಮ್ಮನೆ ಕೂರಲಿಲ್ಲ. ತನ್ನ ಮೊದಲ ಪುಸ್ತಕವನ್ನು ಅಲ್ಲೇ ಬರೆದ. ಅದು 1849ರಲ್ಲಿ ಅಚ್ಚಾಯಿತು. ಸಾವಿರ ಪ್ರತಿಗಳಲ್ಲಿ 706 ಮಾರಾಟವಾಗದೆ ಅವನ ಮನೆಗೇ ವಾಪಸು ಬಂದವು. ಮುದ್ರಣದ ಖರ್ಚನ್ನು ಅವನೇ ತೆರಬೇಕಾಯಿತು. ಸರಳ ಬದುಕು ಸೋಲಿನಿಂದ ರಕ್ಷಣೆ ಕೊಡುವುದಿಲ್ಲ ಎಂಬುದನ್ನೂ ಗಮನಿಸಿ.

ವಾಲ್ಡನ್ ಕೊಳಕ್ಕೆ ತಳವೇ ಇಲ್ಲವೆಂದು ಊರಿನವರು ನಂಬಿದ್ದರು. 1846ರ ಆರಂಭದಲ್ಲಿ, ಕೊಳದ ಮೇಲೆ ಹಿಮಗಡ್ಡೆ ಕಟ್ಟಿದ್ದಾಗ, ಥೋರೋ ದಾರಕ್ಕೆ ಕಲ್ಲು ಕಟ್ಟಿ ಅಲ್ಲಲ್ಲಿ ಇಳಿಬಿಟ್ಟು ಅಳೆದ. ಅತ್ಯಂತ ಆಳದ ಜಾಗದಲ್ಲಿ 102 ಅಡಿ ಸಿಕ್ಕಿತು. ಆಮೇಲಿನ ಅಳತೆಗಳೂ ಇದಕ್ಕೆ ತೀರಾ ಹತ್ತಿರವಾಗಿವೆ.

ಊರಿಗೆ ಮರಳಿದ ಮೇಲೂ ನೋಡುವ ಅಭ್ಯಾಸ ಬಿಡಲಿಲ್ಲ. 1852ರಿಂದ 1858ರವರೆಗೆ ಕಾಂಕರ್ಡ್‌ನ ಸುತ್ತ ಯಾವ ಗಿಡ ಯಾವ ದಿನ ಮೊದಲ ಹೂ ಬಿಟ್ಟಿತು ಎಂದು ಬರೆದಿಟ್ಟ. ನೂರೈವತ್ತು ವರ್ಷದ ನಂತರ ಬೋಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರಿಮ್ಯಾಕ್ ಮತ್ತು ಅವರ ಸಹೋದ್ಯೋಗಿಗಳು ಆ ಟಿಪ್ಪಣಿಗಳನ್ನು ಇಂದಿನ ಗಿಡಗಳೊಂದಿಗೆ ಹೋಲಿಸಿದರು. ಸಾಮಾನ್ಯ ಹೂಗಿಡಗಳು ಸರಾಸರಿ ಏಳು ದಿನ ಮೊದಲೇ ಅರಳುತ್ತಿವೆ ಎಂದು 2008ರಲ್ಲಿ ಪ್ರಕಟಿಸಿದರು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಇದೊಂದು ಸಾಕ್ಷಿ. ದುಬಾರಿ ಉಪಕರಣವೇನೂ ಇಲ್ಲದೆ, ಪೆನ್ಸಿಲ್ಲು, ಕಾಗದ ಮತ್ತು ಬಿಡುವಿನಿಂದ ಸಿಕ್ಕಿದ ದತ್ತಾಂಶ ಅದು.

ಲೆಕ್ಕದಲ್ಲಿ ಬಿಟ್ಟುಹೋದ ಸಾಲುಗಳು

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ವಿದ್ಯಾರ್ಥಿನಿ ಮತ್ತೆ ಎದ್ದು ನಿಲ್ಲುತ್ತಾಳೆ. ನಿಲ್ಲಬೇಕು. ಥೋರೋನ ಪಟ್ಟಿಯನ್ನು ಅವಳ ಕಣ್ಣಿನಿಂದ ಓದೋಣ.

ಮೊದಲನೆಯದಾಗಿ, ಮನೆಯ ಖರ್ಚಿನಲ್ಲಿ ನಿವೇಶನದ ಬೆಲೆ ಇಲ್ಲ. ಆ ಜಾಗ ಅವನ ಸ್ನೇಹಿತ, ಪ್ರಸಿದ್ಧ ಲೇಖಕ ಎಮರ್ಸನ್‌ನದು. ತೊಲೆಗಳನ್ನು ಎತ್ತಿ ನಿಲ್ಲಿಸಲು ಗೆಳೆಯರು ಬಂದರು. ಆಗಾಗ ಊರಿಗೆ ಹೋಗಿ ಮನೆಯೂಟ ಮಾಡಿ ಬರುತ್ತಿದ್ದ.

ಎರಡನೆಯದಾಗಿ, ಹಲಗೆ. ರೈಲು ಹಳಿಯ ಕೆಲಸಕ್ಕೆ ಬಂದಿದ್ದ ಐರಿಷ್ ಕೂಲಿಗಾರ ಜೇಮ್ಸ್ ಕಾಲಿನ್ಸ್‌ನ ಗುಡಿಸಲನ್ನು ಥೋರೋ 4 ಡಾಲರ್ 25 ಸೆಂಟಿಗೆ ಕೊಂಡ. ಮರುದಿನ ಬೆಳಗಿನ ಆರು ಗಂಟೆಗೆ ಆ ಕುಟುಂಬ ದಾರಿಯಲ್ಲಿ ಎದುರಾಯಿತು. ಅವರ ಇಡೀ ಸಂಸಾರ ಒಂದೇ ದೊಡ್ಡ ಗಂಟಿನಲ್ಲಿತ್ತು. ಥೋರೋ ಆ ಗುಡಿಸಲನ್ನು ಬಿಚ್ಚಿ, ಹಲಗೆಗಳನ್ನು ಬಿಸಿಲಿಗೆ ಒಣಗಿಸಿ ತನ್ನ ಮನೆಗೆ ಹಾಕಿದ. ಒಬ್ಬನ ಪ್ರಯೋಗದ ಗೋಡೆ ಇನ್ನೊಬ್ಬನ ಬಡತನದ ಗೋಡೆಯಾಗಿತ್ತು.

ಮೂರನೆಯದಾಗಿ, ಬಟ್ಟೆ. ಒಗೆಯುವುದು, ಹೊಲಿಗೆ ಹಾಕುವುದು ಬಹುಮಟ್ಟಿಗೆ ಹೊರಗೆ ನಡೆಯಿತೆಂದೂ ಅದರ ಬಿಲ್ಲು ಇನ್ನೂ ಬಂದಿಲ್ಲವೆಂದೂ ಅವನೇ ಬರೆಯುತ್ತಾನೆ. ತಮಾಷೆಯ ಸಾಲು ಅದು. ಆದರೆ ಆ ಬಿಲ್ಲು ಬರದಿರುವುದೇಕೆ ಎಂದು ನಿಮ್ಮ ಅಮ್ಮನನ್ನು ಕೇಳಿದರೆ ಅವರು ನಗುತ್ತಾರೋ ಇಲ್ಲವೋ ನೋಡಿ.

ಇನ್ನೊಂದು ಪ್ರಸಂಗ. ಮಳೆಗೆ ಸಿಕ್ಕಿ ಥೋರೋ ಜಾನ್ ಫೀಲ್ಡ್ ಎಂಬ ಇನ್ನೊಬ್ಬ ಐರಿಷ್ ಕೂಲಿಯ ಗುಡಿಸಲಲ್ಲಿ ಆಶ್ರಯ ಪಡೆದ. ಎಕರೆಗೆ ಹತ್ತು ಡಾಲರಿನಂತೆ ಜೌಗು ನೆಲ ಅಗೆಯುತ್ತಿದ್ದವನು, ಹೆಂಡತಿ ಮಕ್ಕಳಿದ್ದವನು. ಚಹಾ, ಕಾಫಿ, ಬೆಣ್ಣೆ, ಹಾಲು, ಮಾಂಸ ಬಿಟ್ಟರೆ ಇಷ್ಟು ದುಡಿಯಬೇಕಿಲ್ಲ ಎಂದು ಅವನಿಗೆ ಥೋರೋ ಬುದ್ಧಿ ಹೇಳಿದ. ಥೋರೋ ಅವಿವಾಹಿತ, ಪದವೀಧರ, ಬೇಕೆಂದಾಗ ಊರಿಗೆ ಮರಳಬಲ್ಲವನು. ಅದೇ ಮಾತು ಅವನಿಗೆ ಸ್ವಾತಂತ್ರ್ಯ. ಫೀಲ್ಡ್‌ನ ಮಕ್ಕಳಿಗೆ ಹಾಲಿಲ್ಲದ ದಿನ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಥೋರೋಗಿಂತ ಮೊದಲು ವಾಲ್ಡನ್ ಕಾಡಿನಲ್ಲಿ ಬದುಕಿದವರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿದ್ದರು. ಅವರಲ್ಲಿ ಜಿಲ್ಫಾ ಎಂಬ ಹೆಂಗಸು ಪುಟ್ಟ ಮನೆಯಲ್ಲಿ ಒಬ್ಬಳೇ ಇದ್ದಳು. ಊರಿನವರಿಗೆ ನಾರುಬಟ್ಟೆಯ ನೂಲು ತೆಗೆದುಕೊಟ್ಟು ಜೀವನ ಮಾಡಿದಳು. 1812ರಲ್ಲಿ ಶುರುವಾದ ಯುದ್ಧದ ಕಾಲದಲ್ಲಿ ಇಂಗ್ಲಿಷ್ ಸೈನಿಕರು ಅವಳ ಮನೆಗೆ ಬೆಂಕಿಯಿಟ್ಟರು. ಅವಳು ಹೊರಗಿದ್ದಳು, ಬೆಕ್ಕು, ನಾಯಿ, ಕೋಳಿಗಳು ಸುಟ್ಟುಹೋದವು. ಈ ಕಥೆಯನ್ನು ನೆನಪಿನಿಂದ ಎತ್ತಿ ಬರೆದಿಟ್ಟವನು ಥೋರೋನೇ. ಅದಕ್ಕಾಗಿ ಅವನಿಗೆ ಕೃತಜ್ಞರಾಗಿರಬೇಕು. ಸ್ವಾವಲಂಬನೆಯಲ್ಲಿ ಜಿಲ್ಫಾ ಅವನಿಗಿಂತ ಕಡಿಮೆಯಿರಲಿಲ್ಲ. ಆದರೆ ಅವಳು ಅದನ್ನು ಆರಿಸಿಕೊಳ್ಳಲಿಲ್ಲ, ಅವಳಿಗೆ ಬೇರೆ ದಾರಿಯೂ ಇರಲಿಲ್ಲ. ನಮ್ಮ ವಿದ್ಯಾರ್ಥಿನಿಯ ಅಜ್ಜಿಯಂತೆ.

ಕೊಳದಿಂದ ನಮ್ಮ ಕಡೆಗೆ

ಕಾಡಿಗೆ ಹೋದರೆ ಮಾರುಕಟ್ಟೆಯಿಂದ ತಪ್ಪಿಸಿಕೊಳ್ಳಬಹುದೇ? 1846-47ರ ಚಳಿಗಾಲದಲ್ಲಿ ನೂರು ಮಂದಿ ಕೂಲಿಗಳು ಬಂದು ವಾಲ್ಡನ್ ಕೊಳದ ಮಂಜುಗಡ್ಡೆಯನ್ನೇ ಕೊಯ್ಯತೊಡಗಿದರು. ಆ ಕಾಲದಲ್ಲಿ ನ್ಯೂ ಇಂಗ್ಲೆಂಡಿನ ಕೊಳಗಳ ಮಂಜುಗಡ್ಡೆ ಹಡಗಿನಲ್ಲಿ ಕಲ್ಕತ್ತೆ, ಮದರಾಸು, ಮುಂಬಯಿಗಳಿಗೆ ಬರುತ್ತಿತ್ತು. ಅದನ್ನು ದಾಸ್ತಾನಿಡಲು 1842ರಲ್ಲಿ ಕಟ್ಟಿದ ಕಟ್ಟಡ ಚೆನ್ನೈನ ಕಡಲ ದಂಡೆಯಲ್ಲಿ ಈಗಲೂ ಇದೆ. ಐಸ್ ಹೌಸ್ ಎಂದು ಕರೆಸಿಕೊಳ್ಳುತ್ತಿದ್ದ ಅದು ಇಂದಿನ ವಿವೇಕಾನಂದ ಭವನ. ಕೊಳದ ದಡದಲ್ಲಿ ಕುಳಿತು ಭಗವದ್ಗೀತೆ ಓದುತ್ತಿದ್ದ ಥೋರೋ, ತನ್ನ ಬಾವಿಯ ನೀರು ಗಂಗೆಯ ನೀರಿನೊಂದಿಗೆ ಬೆರೆಯುವುದನ್ನು ಕಲ್ಪಿಸಿಕೊಂಡ.

ಇನ್ನೊಂದು ಬೆರಕೆ ಇದಕ್ಕಿಂತ ದೊಡ್ಡದು. 1846ರ ಜುಲೈನಲ್ಲಿ, ಗುಲಾಮಗಿರಿಯನ್ನು ಉಳಿಸಿಕೊಂಡಿರುವ ಸರ್ಕಾರಕ್ಕೆ ತಲೆಗಂದಾಯ ಕೊಡುವುದಿಲ್ಲವೆಂದು ಥೋರೋ ಒಂದು ರಾತ್ರಿ ಜೈಲಿನಲ್ಲಿ ಕಳೆದ. ಅದರ ಬಗ್ಗೆ 1849ರಲ್ಲಿ ಅವನು ಪ್ರಕಟಿಸಿದ ಪ್ರಬಂಧ ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯ ಕೈಗೆ ಬಂತು. 1906ರಲ್ಲಿಯೇ ಅವರ ಹೋರಾಟ ಶುರುವಾಗಿತ್ತು; 1907ರಲ್ಲಿ ಅವರು ಈ ಪ್ರಬಂಧದ ಭಾಗಗಳನ್ನು ತಮ್ಮ 'ಇಂಡಿಯನ್ ಒಪೀನಿಯನ್' ಪತ್ರಿಕೆಯಲ್ಲಿ ಕೊಟ್ಟರು.

1910ರಲ್ಲಿ ಗಾಂಧೀಜಿ ಮತ್ತು ಅವರ ಗೆಳೆಯ, ವಾಸ್ತುಶಿಲ್ಪಿ ಹರ್ಮನ್ ಕ್ಯಾಲನ್‌ಬಾಕ್ ಜೋಹಾನ್ಸ್‌ಬರ್ಗ್‌ನಿಂದ 21 ಮೈಲಿ ದೂರದಲ್ಲಿ ಟಾಲ್‌ಸ್ಟಾಯ್ ಫಾರ್ಮ್ ತೆರೆದರು. ಸುಮಾರು 1,100 ಎಕರೆ. ಕೊಂಡು, ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟವರು ಕ್ಯಾಲನ್‌ಬಾಕ್. ಸತ್ಯಾಗ್ರಹಿಗಳು ಜೈಲಿಗೆ ಹೋದಾಗ ಅವರ ಹೆಂಡತಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಪ್ರತಿ ಮನೆಗೂ ಹಣ ಕೊಡುತ್ತಾ ಹೋದರೆ ಚಳವಳಿಯ ಬೊಕ್ಕಸ ಬರಿದಾಗುತ್ತಿತ್ತು. ಎಲ್ಲರೂ ಒಂದೆಡೆ ಸರಳವಾಗಿ ಬದುಕಿದರೆ ಹೋರಾಟ ಎಷ್ಟು ದಿನವಾದರೂ ನಡೆಯಬಲ್ಲದು. ಅಲ್ಲಿ ಆಳುಗಳಿರಲಿಲ್ಲ. ಅಡುಗೆಯಿಂದ ಹಿಡಿದು ಮಲ ಹೊರುವವರೆಗೆ ಎಲ್ಲ ಕೆಲಸವೂ ಅಲ್ಲಿದ್ದವರದೇ. ಚಪ್ಪಲಿ ಹೊಲಿಯುವುದನ್ನೂ ಕಲಿತರು. ಸಮುದಾಯದ ಕೆಲಸಕ್ಕಾಗಿ ಪಟ್ಟಣಕ್ಕೆ ಹೋಗುವವರು ಮೂರನೆಯ ದರ್ಜೆಯ ರೈಲಿನಲ್ಲಿ ಹೋಗಬಹುದಿತ್ತು. ಸ್ವಂತ ಸಂತೋಷಕ್ಕೆ ಹೋಗುವವರು ಮನೆಯ ಬುತ್ತಿ ಕಟ್ಟಿಕೊಂಡು ನಡೆದೇ ಹೋಗಬೇಕಿತ್ತು.

ವ್ಯತ್ಯಾಸ ಗಮನಿಸಿದಿರಾ? ವಾಲ್ಡನ್‌ನ ಪಟ್ಟಿಯಲ್ಲಿ ಹೊರಗೆ ಉಳಿದಿದ್ದ ಕೆಲಸ ಇಲ್ಲಿ ಪಟ್ಟಿಯೊಳಗೆ ಬಂತು. ಸರಳತೆಗೆ ಒಂದು ಕಾರಣವೂ ಇತ್ತು.

ನೀವೂ ಮಾಡಿ ನೋಡಿ

ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಕಾಲಮ್ ಎಳೆಯಿರಿ. ಒಂದು ವಾರ ಬರೆಯಿರಿ.

ಮೊದಲ ಕಾಲಮ್: ನೀವು ಕೊಂಡದ್ದು, ಬಳಸಿದ್ದು.

ಎರಡನೆಯದು: ಅದಕ್ಕೆ ಹಣ ತಂದವರು ಎಷ್ಟು ಗಂಟೆ ಅಥವಾ ದಿನ ದುಡಿದರು. ಅಪ್ಪನಿಗೋ ಅಮ್ಮನಿಗೋ ದಿನಕ್ಕೆ 600 ರೂಪಾಯಿ ಬರುವುದಾದರೆ 18,000 ರೂಪಾಯಿಯ ಫೋನು ಎಂದರೆ 30 ದಿನ.

ಮೂರನೆಯದು: ಹಣ ಪಡೆಯದೆ ಅದಕ್ಕಾಗಿ ಯಾರು ಕೆಲಸ ಮಾಡಿದರು, ಎಷ್ಟು ಹೊತ್ತು. ಬಟ್ಟೆ ಒಗೆದವರು, ತಟ್ಟೆ ತೊಳೆದವರು, ನೀರು ಹಿಡಿದಿಟ್ಟವರು.

ವಾರದ ಕೊನೆಯಲ್ಲಿ ಎರಡು ಬದಲಾವಣೆ ಮಾಡಿ. ಎರಡನೆಯ ಕಾಲಮ್ಮಿನಲ್ಲಿ ಕೊಟ್ಟ ದಿನಗಳಿಗೆ ತಕ್ಕುದಲ್ಲ ಅನ್ನಿಸಿದ ಒಂದನ್ನು ಬಿಡಿ. ಮೂರನೆಯ ಕಾಲಮ್ಮಿನಿಂದ ಒಂದು ಕೆಲಸವನ್ನು ನಿಮ್ಮ ಹೆಸರಿಗೆ ಬರೆದುಕೊಳ್ಳಿ. ಇದಕ್ಕೆ ಕಾಡಿಗೆ ಹೋಗಬೇಕಿಲ್ಲ. ಒಂದು ನಿಯಮ ಮಾತ್ರ ಉಂಟು: ಈ ಲೆಕ್ಕವನ್ನು ನಿಮಗಿಂತ ಕಡಿಮೆ ಇರುವವರ ಮುಂದೆ ಹಿಡಿದು ಬುದ್ಧಿ ಹೇಳಬೇಡಿ. ಥೋರೋ ಮಾಡಿದ ಆ ತಪ್ಪನ್ನು ನಾವು ಮತ್ತೆ ಮಾಡುವುದು ಬೇಡ.

ಈಗ ಆ ವಿದ್ಯಾರ್ಥಿನಿಗೆ ನನ್ನ ಉತ್ತರ. ನೀವು ಹೇಳಿದ್ದು ಸರಿ. ಅಜ್ಜಿಯ ಬದುಕನ್ನು ಆದರ್ಶವೆಂದು ಹೊಗಳಿದರೆ ಅವರಿಗಿದ್ದ ಕಷ್ಟವನ್ನು ಮುಚ್ಚಿದಂತೆ. ಸರಳ ಬದುಕಿಗೂ ಬಡತನಕ್ಕೂ ನಡುವೆ ಇರುವುದು ಆಯ್ಕೆ. ಆ ಆಯ್ಕೆ ಎಲ್ಲರಿಗೂ ಸಿಗಬೇಕಾದರೆ ಶಾಲೆ, ಆಸ್ಪತ್ರೆ, ನ್ಯಾಯವಾದ ಕೂಲಿ ಎಲ್ಲವೂ ಬೇಕು. ಆದರೆ ಎರಡು ಸೀರೆಯಲ್ಲಿ ಸಂಸಾರ ತೂಗಿಸಿದ, ಬೀಜ ಕಾಪಿಟ್ಟು ಮುಂದಿನ ಬೆಳೆ ತೆಗೆದ ಅವರ ಜಾಣ್ಮೆ ಬಡತನವಲ್ಲ. ಅದು ವಿದ್ಯೆ. ಆಯ್ಕೆ ಇರುವ ನೀವು ಆ ವಿದ್ಯೆಯನ್ನು ಕಲಿತಿಟ್ಟುಕೊಂಡರೆ ಕಂತಿಗೆ, ಜಾಹೀರಾತಿಗೆ ಹೆದರಬೇಕಾಗಿಲ್ಲ.

ಕಾರ್ಯಕ್ರಮದ ಮರುಪ್ರಸಾರಕ್ಕೆ ಮೊದಲು ನಾನು ಮತ್ತೆ ಸಂಕಲನಕ್ಕೆ ಕೂರುತ್ತೇನೆ. ಈ ಬಾರಿ ನಿಮ್ಮ ಪ್ರಶ್ನೆ ಇರುತ್ತದೆ. ವೇದಿಕೆಯ ಮೇಲಿನ ಮಾತಿನಲ್ಲಿ ಒಂದೆರಡು ನಿಮಿಷ ಕಡಿಮೆಯಾಗುತ್ತದೆ. ಉಳಿದ ವಿದ್ಯಾರ್ಥಿ ಮಿತ್ರರು ನಿಮ್ಮ ಮೂರು ಕಾಲಮ್ಮಿನ ಹಾಳೆಗಳನ್ನು ಕಾರ್ಯಕ್ರಮದ ವಿಳಾಸಕ್ಕೆ ಕಳಿಸಿಕೊಡಿ. ಮೂರನೆಯ ಕಾಲಮ್ ಖಾಲಿ ಬಿಟ್ಟಿದ್ದರೆ ವಾಪಸು ಕಳಿಸುತ್ತೇನೆ.